ನಾಲ್ಕನೆಯ ಮನೆಯ ಬೀಗ

ನಾನು ಸುರೇಬಾನದಲ್ಲಿ ಹಲಗೆ ಬಡಿದರೆ ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಅಂಡಿಗೆಗಳು ತಾವಾಗಿಯೇ ಉರುಳಿ ಲಾರಿ ಹತ್ತುತ್ತಿದ್ದವು. ಕಿತ್ತೂರಿನ ಕೋಟೆಯ ಗೋಡೆ ಬಿದ್ದದ್ದೂ ನನ್ನ ಸದ್ದಿಗೇ; ಓದಿದವರು ಬೇರೆ ಏನೋ ಬರೆದುಕೊಂಡಿದ್ದಾರೆ, ಬರೆದುಕೊಳ್ಳಲಿ. ಅದೆಲ್ಲ ಸಣ್ಣ ಮಾತು. ೧೯೭೭ರ ಬೇಸಿಗೆಯಲ್ಲಿ ವಾಂತಿಭೇದಿ ರಾಮದುರ್ಗ ತಾಲೂಕಿಗೆ ಇಳಿದಾಗ ನಾನೊಬ್ಬನೇ, ಒಂದೇ ಹಲಗೆಯಿಂದ, ಏಳು ಸಾವಿರ ಜೀವ ಉಳಿಸಿದೆ.

ನನ್ನ ಹೆಸರು ಕಾಡಪ್ಪ. ಊರಿನ ಡಂಗುರ ನನ್ನದು, ನನ್ನಪ್ಪನದು, ಅವನಪ್ಪನದು. ಈ ಕೆಲಸಕ್ಕೆ ಒಂದು ಪದ್ಧತಿಯಿದೆ. ದನಗಳಿಗೆ ಸೂಜಿ ಚುಚ್ಚುವ ಡಾಕ್ಟರು ಸೋಮವಾರ ಬರುತ್ತಾರೆಂದು ಚಾವಡಿಯವರು ಹೇಳಿದರೆ ನಾನು ಶನಿವಾರವೆಂದು ಕೂಗುತ್ತೇನೆ. ಆಗ ದನಗಳು ಸರಿಯಾಗಿ ಸೋಮವಾರಕ್ಕೆ ಬರುತ್ತವೆ. ಒಂದು ತೋಳ ಕಂಡರೆ ಹನ್ನೆರಡು ಎನ್ನುತ್ತೇನೆ. ಮಂದಿ ಒಂದು ನಾಯಿಯಿರಬೇಕು ಎಂದುಕೊಂಡು ಕುರಿ ಒಳಗೆ ಕಟ್ಟುತ್ತಾರೆ. ನಾನು ಏರಿಸುವುದು, ಅವರು ಇಳಿಸಿಕೊಳ್ಳುವುದು. ಮೂರು ತಲೆಮಾರು ಹೀಗೇ ಸುಖವಾಗಿ ನಡೆದಿತ್ತು.

ಆ ಬೇಸಿಗೆ ಧಾರವಾಡದ ಕಡೆಯಿಂದ ಮಥುರಾಬಾಯಿ ಬಂದರು. ಡಾಕ್ಟರಿಕೆ ಕಲಿಸುವ ಕಾಲೇಜಿನಲ್ಲಿ ಪಾಠ ಹೇಳುವವರು. ಆದರೆ ಔಷಧ ಕೊಡಲು ಬಂದವರಲ್ಲ. ರೋಗರುಜಿನದ ಬಗ್ಗೆ ಸರ್ಕಾರ ಹೇಳುವ ಮಾತು ಅಕ್ಷರ ಬಾರದ ನಮ್ಮಂಥ ಓಣಿಗಳಿಗೆ ಎಷ್ಟು ಮುಟ್ಟುತ್ತದೆ, ಮುಟ್ಟಿದ್ದರಲ್ಲಿ ಎಷ್ಟು ತಿಳಿಯುತ್ತದೆ ಎಂದು ಮನೆ ಮನೆ ತಿರುಗಿ ಬರೆದುಕೊಳ್ಳುವುದು ಅವರ ಕೆಲಸ.

“ಕಾಡಪ್ಪ, ಭೇದಿ ಹತ್ತಿದ ಕೂಸಿಗೆ ಇಲ್ಲಿ ನೀರ ಬಂದ್ ಮಾಡ್ತಾರ. ಅದಕ್ಕ ಸಾಯ್ತಾವ,” ಎಂದರು. “ಕಾಸಿ ಆರಿಸಿದ್ದು ಒಂದು ತಂಬಿಗಿ ನೀರು, ಒಂದು ಮುಷ್ಟಿ ಬೆಲ್ಲ, ಮೂರು ಬೆರಳಿನ ಚಿಟಿಕಿ ಉಪ್ಪು. ಗುಟುಕು ಗುಟುಕು ಕುಡಿಸಬೇಕು. ಇಷ್ಟ ಹೇಳ್ರಿ. ಉಪ್ಪು ಹೆಚ್ಚಾತಂದ್ರ ಅದು ವಿಷ ಅದ.”

“ಬಾಯಾರ, ನನ್ನ ಬಾಯಾಗಿನ ಮಾತು ಗುಂಜಿಯಷ್ಟೂ ಆಚೀಚಿ ಆಗೂದಿಲ್ರಿ.”

ಸಂಜೆ ಊರಬಾಗಿಲಿನ ಅಗಸಿಯ ಮುಂದೆ ನಿಂತೆ. ಇಷ್ಟು ದೊಡ್ಡ ರೋಗ, ನನ್ನಷ್ಟು ದೊಡ್ಡ ದನಿ, ಚಿಟಿಕೆ ಎಂದು ಕೂಗಲು ನಾಲಗೆ ಏಳಲಿಲ್ಲ. “ಮುಷ್ಟಿ ಉಪ್ಪು!” ಎಂದೆ. ಇಳಿಸಿಕೊಳ್ಳುವವರು ಇದ್ದೇ ಇದ್ದಾರಲ್ಲ.

ಮರುದಿನ ಬೆಳಿಗ್ಗೆ ಬಾಯಿಯವರ ಜೊತೆ ಓಣಿ ಹಿಡಿದೆ. ಹತ್ತು ಮನೆ. ತಿಳಿಯಿತೇ ಎಂದು ಅವರು ಯಾರನ್ನೂ ಕೇಳುವುದಿಲ್ಲ, ಹೂಂ ಅನ್ನುವುದು ಎಲ್ಲರಿಗೂ ಬರುತ್ತದೆ ಎನ್ನುತ್ತಿದ್ದರು. “ಮಾಡಿ ತೋರಸ್ರಿ” ಎಂದು ಎದುರಿಗೆ ಕೂತುಬಿಡುತ್ತಿದ್ದರು.

ಮೊದಲನೆಯದು ಮುದುಕಿ ಮರೆವ್ವನ ಮನೆ. ಬೆಲ್ಲ ಹಾಕಿದಳು, ಮೂರು ಬೆರಳಲ್ಲಿ ಉಪ್ಪು ಹಾಕಿದಳು. ಬಾಯಿಯವರು ಕೈ ಚಾಚಿದರೆ ತಂಬಿಗೆ ಹಿಂದಕ್ಕೆ ಎಳೆದುಕೊಂಡಳು.

“ನಮ್ಮ ತಂಬಿಗಿರಿ ಇದು. ನೀವು ದೊಡ್ಡ ಮಂದಿ.”

“ನಿಮ್ಮ ಮೊಮ್ಮಗ ಕುಡಿಯೂದಲ್ಲೇನು? ರುಚಿ ನೋಡಬೇಕು, ಕೊಡ್ರಿ ಇಲ್ಲೆ.”

ಕುಡಿದೇ ಬಿಟ್ಟರು. ಓಣಿಯೆಲ್ಲ ಬಾಗಿಲಿಗೆ ಬಂದು ನೋಡಿತು. ಮರೆವ್ವ ನನ್ನ ಕಿವಿಯ ಹತ್ತಿರ ಬಂದಳು: “ಏ ಕಾಡ್ಯಾ, ಮುಷ್ಟಿ ಉಪ್ಪಂತ! ಕುಡಿಯೂದು ಕೂಸೋ ಎಮ್ಮಿಯೋ? ನಿನ್ನ ಮುಷ್ಟಿ ಅಂದ್ರ ಚಿಟಿಕಿ ಅಂತ ನಾವ ತಿಳಕೊಂಡ್ವಿ.” ಬಾಯಿಯವರಿಗೆ ಕೇಳಿಸದಿರಲೆಂದು ನಾನು ಜೋರಾಗಿ ಕೆಮ್ಮಿದೆ.

ಎರಡನೆಯ ಮನೆ ಸರಿ, ಮೂರನೆಯದೂ ಸರಿ. ನಾಲ್ಕನೆಯದಕ್ಕೆ ಬೀಗ ಹಾಕಿತ್ತು. ಉಳಿದವೆಲ್ಲ ಸರಿ. ಬಾಯಿಯವರು ಉದ್ದನೆಯ ಹಾಳೆಯಲ್ಲಿ ಬರೆದುಕೊಂಡರು: ಒಂಬತ್ತು ಮನೆ ಸರಿ, ಒಂದು ಬೀಗ.

“ಡಂಗುರದಿಂದ ಇಷ್ಟು ತಿಳೀತದಂತ ನಾ ಅನ್ಕೊಂಡಿದ್ದಿಲ್ಲ. ಈ ಹಾಳಿ ತೋರಿಸಿ ಸವದತ್ತಿ, ಬೈಲಹೊಂಗಲ ಎಲ್ಲಾ ಕಡೆ ಹಿಂಗ ಹೇಳಸ್ತೀನಿ,” ಎಂದರು. ನಾನು ಎಷ್ಟು ಉಬ್ಬಿದೆನೆಂದರೆ ನನ್ನ ರುಮಾಲು ಬೇವಿನ ಮರದ ತುದಿಗೆ ಸಿಕ್ಕಿಕೊಂಡಿತು.

ಮಧ್ಯಾಹ್ನ ನಾಲ್ಕನೆಯ ಮನೆಯಿಂದ ಹೆಂಗಸಿನ ಚೀರಾಟ ಕೇಳಿತು.

ಅದು ಸತ್ಯಪ್ಪನ ಮನೆ. ಅವನು ಕಬ್ಬು ಕಡಿಯಲು ಹೋಗಿದ್ದ. ಹೆಂಡತಿ ತಾಯವ್ವ ಹೂಲಿಯ ಹುಡುಗಿ. ಮದುವೆಯಾದ ಮೇಲೂ ತವರಲ್ಲೇ ಇದ್ದಳು; ಬಾಣಂತನ ಮುಗಿಸಿ ನಮ್ಮೂರಿಗೆ ಬಂದು ತಿಂಗಳಾಗಿರಲಿಲ್ಲ. ನನ್ನ ಡಂಗುರ ಅವಳು ಕೇಳಿದ್ದು ಅದೇ ಮೊದಲು. ಎಂಟು ತಿಂಗಳ ಕೂಸು ಅವಳ ತೊಡೆಯ ಮೇಲೆ ಸೆಟೆದು ಕಣ್ಣು ಮೇಲೆ ಹಾಕಿತ್ತು. ಪಕ್ಕದಲ್ಲಿ ಬರಿದಾಗುತ್ತ ಬಂದ ತಂಬಿಗೆ. ಬಾಯಿಯವರು ತಳದ ನೀರಿಗೆ ಬೆರಳಿಟ್ಟು ನೆಕ್ಕಿ, ಥೂ ಎಂದು ಉಗುಳಿದರು.

“ಉಪ್ಪು ಎಷ್ಟ ಹಾಕಿದಿ, ತಂಗಿ?”

ತಾಯವ್ವ ಕೈ ಮುಷ್ಟಿ ಮಾಡಿ ತೋರಿಸಿದಳು. “ಡಂಗುರದಾಗ ಹೇಳಿದಷ್ಟರೀ. ಒಂದ ಹರಳ ಕಡಿಮಿ ಮಾಡಿಲ್ಲ. ನೀರಡಿಸಿ ನೀರಡಿಸಿ ಕುಡೀತ್ರಿ ನನ್ನ ಕೂಸು.”

ಮರೆವ್ವ ಎದೆ ಬಡಿದುಕೊಂಡಳು. “ಅಯ್ಯ ನಮ್ಮವ್ವಾ, ಈ ಕಾಡ್ಯಾನ ಮಾತು ಇಡಿಯಾಗಿ ಯಾರರ ನಂಬತಾರೇನು?”

ಬಾಯಿಯವರು ನನ್ನ ಕಡೆ ಒಮ್ಮೆ ನೋಡಿ ಕೂಸನ್ನು ಎತ್ತಿಕೊಂಡರು. ಅವರ ಜೀಪಿನಲ್ಲೇ ರಾಮದುರ್ಗಕ್ಕೆ ಹೊರಟೆವು. ಜೀಪಿಗಿಂತ ಮುಂದೆ ನಾನೇ ಓಡಿ ಆಸ್ಪತ್ರೆ ಮುಟ್ಟಿದೆ ಎನ್ನಲು ಬಾಯಿ ತುರಿಸುತ್ತದೆ. ಹಿಂದಿನ ಸೀಟಿನಲ್ಲಿ ಮುದುಡಿ ಕೂತಿದ್ದೆ.

ಎರಡು ದಿನ ಬಾಟಲಿಯ ನೀರು ಏರಿಸಿದರು. ನಡುವೆ ಕೂಸಿಗೆ ಎರಡು ಸಲ ಫಿಟ್ಸ್ ಬಂತು. ಮೂರನೆಯ ದಿನ ಸಣ್ಣಗೆ ಅತ್ತಿತು. ಜೀವಕ್ಕೆ ಭಯವಿಲ್ಲ, ಮುಂದೆ ಹೇಗೋ ನೋಡಬೇಕು ಎಂದರು ಡಾಕ್ಟರು. ಬಾಯಿಯವರು ಮಂಚದ ಹತ್ತಿರ ಕೂತು ಆ ಉದ್ದನೆಯ ಹಾಳೆ ಬಿಡಿಸಿದರು.

“ಇವರಿಗೆ ತಿಳದದ್ದು ನನ್ನ ಮಾತಲ್ಲ ಕಾಡಪ್ಪ, ನಿಮ್ಮ ಸುಳ್ಳು. ಇದನ್ನ ನಂಬಿ ನಾ ಹತ್ತು ಊರಿಗೆ ಹೇಳಸೂದಿತ್ತು.”

“ಹೂಂರಿ, ಚಟ ನಂದು. ಆದರ ಆ ಮನಿ ಬೀಗ ಇತ್ತಲ್ರಿ ಬಾಯಾರ. ತೆರೆದಿದ್ರ ನೀವ ಬೆಳಿಗ್ಗೇನ ತಿದ್ದತಿದ್ರಿ. ದೈವ.”

ತಾಯವ್ವ ತಲೆ ಎತ್ತಿದಳು.

“ಬೀಗ? ನಮ್ಮ ಬಾಗಲಕ್ಕ ಅಗಳಿನೂ ಇಲ್ರಿ. ನಾ ಒಲಿ ಮುಂದ ಇದ್ನಿ. ಕಾಕಾ ಹಣಿಕಿ ಹಾಕಿದ್ರು. ‘ಇಷ್ಟ ಅಲ್ರಿ ಕಾಕಾ?’ ಅಂತ ಮುಷ್ಟಿ ತೋರಿಸಿದ್ನಿ. ಹೂಂ ಅಂತ ತಲಿ ಹಾಕಿದ್ರು.”

ಬಾಯಿಯವರ ಪೆನ್ನು ನಾಲ್ಕನೆಯ ಸಾಲಿನ ಮೇಲೆ ನಿಂತಿತು. ನನಗೆ ಕಣ್ಣು ಮಂಜು ಎನ್ನಬೇಕೆಂದುಕೊಂಡೆ, ಅದು ಬೇರೆ ಮನೆ ಎನ್ನಬೇಕೆಂದುಕೊಂಡೆ. ಕೂಸು ನನ್ನನ್ನೇ ನೋಡುತ್ತಿತ್ತು.

“ಬೀಗ ಇರಲಿಲ್ರಿ,” ಎಂದೆ. “ನೀವು ಮೂರನೇ ಮನ್ಯಾಗ ಬರಕೋತ ಕುಂತಿದ್ರಿ. ನಾ ಮುಂದ ಹೋಗಿ ನೋಡಿದ್ನಿ. ಆಕಿ ಮುಷ್ಟ್ಯಾಗ ಉಪ್ಪಿತ್ತು. ಬ್ಯಾಡವ್ವ ಅಂದಿದ್ರ ನೀವು ಯಾಕಂತ ಕೇಳ್ತಿದ್ರಿ. ಮೂರೂ ಮನಿ ಸರಿ ಬಂದಿದ್ವು, ನಿಮ್ಮ ಮುಂದ ನಾ ಶಾಣ್ಯಾ ಆಗಿದ್ನಿ. ಅದಕ್ಕ ಹೂಂ ಅಂದ್ನಿ. ನಿಮಗ ಬೀಗ ಅಂದ್ನಿ. ಇಡೀ ಊರಾಗ ನನ್ನ ನಂಬಿದಾಕಿ ಆಕಿ ಒಬ್ಬಾಕಿರಿ.”

ಬೈಲಹೊಂಗಲದ ಅಂಡಿಗೆ ಉರುಳಿಸುವ ನನ್ನ ದನಿ ಆ ಮಂಚದ ಆಚೆ ಹೋಗಲಿಲ್ಲ. ಏಳು ಸಾವಿರ ಎಂದೆನಲ್ಲ, ಅದರಲ್ಲಿ ನಾನು ಉಳಿಸಿದ್ದು ಒಂದೂ ಇಲ್ಲ.