ತಿರುವು ಕೇಳದವಳು

ನಮ್ಮ ಅತ್ತಿಗೆ ಬುರುಲ್ಚಾಗೆ ಮರ್ಯಾದೆ ಸ್ವಲ್ಪ ಜಾಸ್ತಿ. ಕಣಿವೆಯ ರಸ್ತೆ ಪಕ್ಕದಲ್ಲೇ ಅವಳ ಕಂಬಳಿ ಗುಡಾರ. ಬೇಸಿಗೆಯಿಡೀ ಕುದುರೆ ಹಾಲು ಹುಳಿಸಿ ಕುಮಿಸ್ ಮಾರುತ್ತಿದ್ದಳು. ರಾಜಧಾನಿ ಬಿಷ್ಕೆಕ್‌ನಿಂದ ದಕ್ಷಿಣಕ್ಕೆ ಹೋಗುವ ಲಾರಿಯವರು ಅಲ್ಲಿ ಒಂದು ಬಟ್ಟಲು ಕುಡಿಯದೆ ಮುಂದೆ ಹೋದವರಲ್ಲ. ಅಣ್ಣ ತೀರಿಕೊಂಡ ಮೇಲೆ ಮಕ್ಕಳ ಓದು, ಕುದುರೆಗಳ ಮೇವು, ಎಲ್ಲ ನಡೆದದ್ದು ಆ ಬಟ್ಟಲಿನಿಂದ.

ಆ ರಸ್ತೆಯನ್ನು ಅಗಲ ಮಾಡಿ ಎರಡೂ ಕಡೆ ಕಬ್ಬಿಣದ ಬೇಲಿ ಹಾಕುತ್ತಾರೆ, ಕೇಳಿದವರಿಗೆ ಮಾತ್ರ ಗಾಡಿ ರಸ್ತೆಯಿಂದ ಇಳಿಯಲು ಬೇಲಿಯ ನಡುವೆ ತಿರುವು ಬಿಡುತ್ತಾರೆ ಎಂದು ಸುದ್ದಿ ಬಂತು. ಅಳತೆಗೆ ಬಂದ ಎಂಜಿನಿಯರ್ ಕುಬಾನಿಚ್ ಪೇಟೆಯಲ್ಲೇ ಹುಟ್ಟಿ ಬೆಳೆದವನು. ನಾನಿರುವ ಕೆಳಗಿನ ಊರಿನ ಮುಖಂಡನಿಗೆ ನಾಚಿಕೆ ಕಡಿಮೆ. ಕಾರಿನ ಬಾಗಿಲಿಗೇ ಅಡ್ಡ ನಿಂತು ಕೇಳಿದ. ನಮಗೆ ತಿರುವು ಸಿಕ್ಕಿತು.

ಮೇಲೆ ಗುಡಾರದಲ್ಲಿ ಅತ್ತಿಗೆ ಕುಬಾನಿಚ್‌ಗಾಗಿ ಕುರಿ ಕೊಯ್ಯಿಸಿದಳು. ನಾನೂ ಹೋಗಿದ್ದೆ. ಅತಿಥಿಗೆ ಬಡಿಸಿದ ಜಾಗದಲ್ಲೇ ನಮ್ಮ ಕೆಲಸ ಹೇಳಿಕೊಂಡರೆ ಬಡಿಸಿದ್ದೆಲ್ಲ ಲಂಚ ಎಂಬುದು ನಮ್ಮವರ ಲೆಕ್ಕ.

"ಕೇಳು ಅತ್ತಿಗೆ," ಎಂದು ಪಿಸುಗುಟ್ಟಿದೆ.

"ಸುಮ್ನಿರೋ ಕುಳ್ಳ. ಒಂದ್ ಕೈಲಿ ಬಡಿಸಿ ಇನ್ನೊಂದ್ ಕೈ ಚಾಚ್ಲಾ?"

ಅಷ್ಟರಲ್ಲಿ ಕುಬಾನಿಚ್ ತಾನಾಗಿಯೇ ಕೇಳಿದ: "ರಸ್ತೆ ವಿಷ್ಯದಲ್ಲಿ ನಿಮ್ಗೇನಾದ್ರೂ ಬೇಕಿತ್ತಾ ಅಕ್ಕ?"

"ನಂಗೇನಪ್ಪ ಬೇಕು? ನೀನು ಹೊಟ್ಟೆ ತುಂಬ ತಿನ್ನು."

ಹಳ್ಳಿಯವನಾಗಿದ್ದರೆ ಊಟ ಮುಗಿಸಿ, ಹೊರಗೆ ಬಂದು, ಹೊರಡುವಾಗ ಇನ್ನೊಮ್ಮೆ ಕೇಳುತ್ತಿದ್ದ. ಅವಳೂ ಆಗ ಹೇಳುತ್ತಿದ್ದಳು. ಇವನು ಬೇಡ ಎಂದದ್ದನ್ನು ಬೇಡ ಎಂದೇ ತಿಳಿದು, ಕೈ ತೊಳೆದು, ಕಾರು ಹತ್ತಿದ.

ರಸ್ತೆ ಚೆನ್ನಾಗಿಯೇ ಆಯಿತು. ನನ್ನ ಆಲೂಗಡ್ಡೆ ಜಜ್ಜಿಹೋಗದೆ ಮಧ್ಯಾಹ್ನದೊಳಗೆ ಬಿಷ್ಕೆಕ್ ತಲುಪುತ್ತದೆ. ಬಸುರಿಯರು ದಾರಿಯಲ್ಲೇ ಹೆರುವುದು ನಿಂತಿದೆ. ಅಂಥ ರಸ್ತೆಯನ್ನು ಬೈದರೆ ಬಾಯಲ್ಲಿ ಹುಳ ಬಿದ್ದೀತು. ಆದರೆ ಅತ್ತಿಗೆಯ ಗುಡಾರದ ಮುಂದೆ ಲಾರಿಯವರು ಹಾರನ್ ಹೊಡೆದು, ಕೈಬೀಸಿ, ಹಾಗೇ ಹೋಗುತ್ತಾರೆ. ನಿಲ್ಲಿಸಲು ಜಾಗವಿಲ್ಲ.

ಮುಂದಿನ ಬೇಸಿಗೆಯಲ್ಲಿ ಕುಬಾನಿಚ್ ನಮ್ಮೂರಲ್ಲಿ ಕಾರು ಬಿಟ್ಟು ನನ್ನ ಜೊತೆ ಅಲ್ಲಿಗೆ ನಡೆದು ಬಂದ.

"ಒಂದ್ ಮಾತು ಹೇಳಿದ್ರೆ ತಿರುವು ಬಿಡ್ತಿದ್ನಲ್ಲಕ್ಕ. ನಾನೇ ಕೇಳ್ದೆ."

"ಬಾಯ್ತುಂಬ ನಾನ್ ಬಡ್ಸಿದ್ ಮಾಂಸ ಇಟ್ಕೊಂಡು ಕೇಳ್ದೆ. ಎದ್ಮೇಲೆ ಕೇಳ್ಬೇಕಿತ್ತು."

ಈಗ ಬೇಲಿ ತೆಗೆಸುವುದು ಅವನ ಕೈಯಲ್ಲಿರಲಿಲ್ಲ. ಅಷ್ಟಾದರೂ ಅವಳು ಬಟ್ಟಲು ತುಂಬಿ ಕೊಟ್ಟಳು.

ಆ ತಿಂಗಳೇ ಕುದುರೆಗಳನ್ನು ಮಾರಿದಳು. ಕೊಂಡವನ ಲಾರಿಯೂ ಅವಳ ಗುಡಾರದ ಹತ್ತಿರ ನಿಲ್ಲುವಂತಿರಲಿಲ್ಲ. ಬೇಲಿಯ ಅಂಚಿನಲ್ಲೇ ಮರಿಗಳ ಸಮೇತ ಎಲ್ಲವನ್ನೂ ನಮ್ಮೂರಿನ ತಿರುವಿನವರೆಗೆ ನಡೆಸಿಕೊಂಡು ಬಂದಳು. ಕೆಚ್ಚಲುಗಳು ಹಾಲು ತುಂಬಿ ಬಿಗಿದಿದ್ದವು. ಹಾಗೇ ಲಾರಿ ಹತ್ತಿಸಲು ಅವಳಿಗೆ ಮನಸ್ಸು ಬರಲಿಲ್ಲ. ಮಂಡಿಯೂರಿ ಒಂದೊಂದರ ಹಾಲನ್ನೂ ನೆಲಕ್ಕೆ ಕರೆಯತೊಡಗಿದಳು.

ಹಾಲು ಚೆಲ್ಲುವುದು ನಮ್ಮಲ್ಲಿ ಪಾಪ. ನಾನು ಓಡಿಹೋಗಿ ಮನೆಯಿಂದ ಬಕೆಟ್ ತಂದೆ.

"ಬಿಡೋ ಕುಳ್ಳ," ಎಂದಳು ತಲೆಯೆತ್ತದೆ. "ಯಾರಿಗೆ ಹುಳಿಸ್ಲಿ?"