ಕೂದಲೆಳೆಯ ಸೂಜಿ, ಬೈರಯ್ಯನ ಬಲದೋಳು

ಎನ್.ಆರ್. ಕಾಲೋನಿಯ ಬೈರಯ್ಯ ಬಾಯಿ ತೆರೆದರೆ ಸಾಕು, ಬ್ರೇಕಿಲ್ಲದ ಜೀಪೊಂದು ನಂದಿಬೆಟ್ಟ ಇಳಿಯುತ್ತಿತ್ತು. ಸರ್ಕಾರಿ ಜೀಪು ಓಡಿಸಿ ನಿವೃತ್ತನಾದವನು. ಬಲಗೈಯೊಂದರಲ್ಲೇ ಸ್ಟೇರಿಂಗ್ ತಿರುಗಿಸುತ್ತಾ, ಎಡಗೈಯಲ್ಲಿ ಸಾಹೇಬರ ಕಾಫಿ ಲೋಟ ಹಿಡಿದು, ತೊಟ್ಟೂ ಚೆಲ್ಲದೆ ಇಳಿಸಿದೆ ಎಂದು ಗಾಂಧಿ ಬಜಾರಿನ ಹೂವಿನವರಿಗೆಲ್ಲ ಹೇಳಿದ್ದ. ಅವರು ಕೆಲಸ ಬಿಟ್ಟು ಕೇಳುತ್ತಿದ್ದರು. ಹೆಂಡತಿ ನರಸಮ್ಮ ಮಾತ್ರ ಕೈಚೀಲವನ್ನು ಅವನ ಕೈಗೆ ತುರುಕಿ, "ಸುಳ್ಳು ಸಾಕು, ಸೊಪ್ಪು ಬಾಡೋಗುತ್ತೆ, ನಡೀರಿ," ಅನ್ನುತ್ತಿದ್ದಳು.

ಆ ನರಸಮ್ಮ ಹೋಗಿ ವರ್ಷ ತುಂಬುತ್ತಾ ಬಂದಿತ್ತು. ಅವಳ ಪಟವನ್ನು ಬೈರಯ್ಯ ನಡುಮನೆಯಲ್ಲಿ ಸೂರಿಗೆ ತಾಗುವಷ್ಟು ಎತ್ತರಕ್ಕೆ ತಾನೇ ಮೊಳೆ ಹೊಡೆದು ತೂಗುಹಾಕಿದ್ದ. ಅಲ್ಲಿಂದ ಅವಳಿಗೆ ಗಾಂಧಿ ಬಜಾರ್ ಪೂರ್ತಿ ಕಾಣುತ್ತದೆ ಎಂಬುದು ಅವನ ವಾದ. ದಿನಾ ಸ್ಟೂಲು ಹತ್ತಿ, ಬಲಗೈ ಚಾಚಿ, ಕಾಕಡ ಹಾರ ಹಾಕುತ್ತಿದ್ದ. ಬೇರೆಯವರು ಹಾಕಿದರೆ ಅವಳಿಗೆ ಸೇರುವುದಿಲ್ಲ ಎನ್ನುತ್ತಿದ್ದ. ಎಡಗೈಯಲ್ಲಿ ಹಾಕುವ ಮಾತೇ ಇಲ್ಲ. ಆದರೆ ಕೆಲವು ತಿಂಗಳಿಂದ ಬಲದೋಳು ತುಕ್ಕು ಹಿಡಿದ ಗೇಟಿನ ಹಾಗಾಗಿ, ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಒಣಗಿದ ಹಾರ ಪಟದ ಮೇಲೆ ಹಾಗೇ ತೂಗುತ್ತಿತ್ತು. ವರ್ಷದ ದಿನವಾದರೂ ತನ್ನ ಕೈಯಿಂದ ಹೊಸ ಹಾರ ಬೀಳಬೇಕು ಎಂಬುದೊಂದೇ ಅವನ ಆಸೆ.

ಮೂಳೆ ಡಾಕ್ಟರು ಮಾತ್ರೆ ಕೊಟ್ಟು ವ್ಯಾಯಾಮ ಹೇಳಿದ್ದರು. ಅದರ ಜೊತೆಗೆ ಅಕ್ಯುಪಂಕ್ಚರನ್ನೂ ನೋಡೋಣ ಎಂದು ಸೊಸೆ ಭಾಗ್ಯ ಅವನನ್ನು ಹತ್ತಿರದಲ್ಲೇ ಮನೆಯ ಮುಂದಿನ ಕೋಣೆಯಲ್ಲಿ ಕ್ಲಿನಿಕ್ ಇಟ್ಟಿದ್ದ ಯಶೋಧರಾ ಎಂಬ ಡಾಕ್ಟರ ಬಳಿ ಕರೆದುಕೊಂಡು ಹೋದಳು.

ಡಾಕ್ಟರ ಹತ್ತಿರ ಹೋಗುವುದೆಂದರೆ ಬೈರಯ್ಯನ ಲೆಕ್ಕದಲ್ಲಿ ರಕ್ತಪರೀಕ್ಷೆ. ಹಾಗಾಗಿ ಹಿಂದಿನ ದಿನದಿಂದ ಹೊಟ್ಟೆಗೇನೂ ಹಾಕಿರಲಿಲ್ಲ. ಅಷ್ಟು ಸಾಲದೆಂದು, ಬಾಯಿ ತೋರಿಸಬೇಕಾದೀತು ಎಂದು ತಾಮ್ರದ ಪಟ್ಟಿಯಲ್ಲಿ ನಾಲಿಗೆಯನ್ನು ಬೀಟ್ರೂಟ್ ಹಾಗೆ ಕೆಂಪಗಾಗುವವರೆಗೆ ಹೆರೆದಿದ್ದ. ಯಶೋಧರಾ ನಾಲಿಗೆ ನೋಡಿ ನಕ್ಕಳು. ಚೀನಾದ ಈ ವೈದ್ಯದಲ್ಲಿ ನಾಲಿಗೆಯ ಮೇಲಿನ ಬಿಳಿ ಪದರ, ಬಣ್ಣ ಎಲ್ಲ ನೋಡುತ್ತಾರಂತೆ. ಅವನು ನೋಡುವುದಕ್ಕೆ ಏನೂ ಉಳಿಸಿರಲಿಲ್ಲ. ಮೇಲಾಗಿ ಖಾಲಿ ಹೊಟ್ಟೆಯವರಿಗೆ ಸೂಜಿ ಚುಚ್ಚಿದರೆ ತಲೆ ಸುತ್ತಿ ಬೀಳಬಹುದು. ನಾಳೆ ಇಡ್ಲಿ ತಿಂದು, ಸಡಿಲವಾದ ಅಂಗಿ ಹಾಕಿಕೊಂಡು, ನಾಲಿಗೆಯನ್ನು ಅದರ ಪಾಡಿಗೆ ಬಿಟ್ಟು ಬನ್ನಿ, ತಗೊಳ್ಳೋ ಮಾತ್ರೆಗಳನ್ನೆಲ್ಲ ತನ್ನಿ ಎಂದು ವಾಪಸ್ಸು ಕಳಿಸಿದಳು.

ಮಾರನೆಯ ದಿನ ತೋಳಿಗೆ ಏನಾಯಿತು ಎಂದು ಕೇಳಿದಾಗ ಬೈರಯ್ಯ ಹುರುಪಿನಿಂದ ಶುರು ಮಾಡಿದ. ಕಡಲೆಕಾಯಿ ಪರಿಷೆಯಲ್ಲಿ ಹಗ್ಗ ಕಿತ್ತುಕೊಂಡು ಓಡಿದ ಗೂಳಿಯನ್ನು ಅವನು ಕೊಂಬು ಹಿಡಿದು ನಿಲ್ಲಿಸಿದನಂತೆ. ಯಶೋಧರಾ ನಡುವೆ ಬಾಯಿ ಹಾಕಲಿಲ್ಲ. ಅವನ ಮಣಿಕಟ್ಟನ್ನು ಪುಟ್ಟ ದಿಂಬಿನ ಮೇಲಿಟ್ಟು, ಮೂರು ಬೆರಳು ಊರಿ, ಕಣ್ಣು ಮುಚ್ಚಿ ನಾಡಿ ನೋಡತೊಡಗಿದಳು. ಒಂದು ಕೈ ಆಯಿತು, ಇನ್ನೊಂದು ಕೈ ಆಯಿತು. ಗೂಳಿಯ ಕತೆ ಬುಲ್ ಟೆಂಪಲ್ ರೋಡಿನ ಅರ್ಧದಲ್ಲೇ ನಿಂತುಬಿಟ್ಟಿತು. ನರಸಮ್ಮ ಹೋದಮೇಲೆ ಅವನ ಕೈಯನ್ನು ಯಾರೂ ಅಷ್ಟು ಹೊತ್ತು ಹಿಡಿದಿರಲಿಲ್ಲ.

"ಯಾವ ಮಗ್ಗುಲಲ್ಲಿ ಮಲಗ್ತೀರಿ?" ಎಂದಳು ಯಶೋಧರಾ.

"ಬಲಮಗ್ಗುಲು, ತಾಯಿ."

"ನೋಯಲ್ವಾ?"

"ನೋಯುತ್ತೆ. ಅವಳ ಜಾಗ ಆ ಕಡೆ. ತೋಳಿನ ಮೇಲೇ ತಲೆ ಇಟ್ಕೊಂಡು ಮಲಗ್ತಿದ್ಳು. ಈಗ್ಲೂ ಚಾಚ್ಕೊಂಡೇ ಮಲಗ್ತೀನಿ. ಎಳ್ಕೊಳ್ಳೋಕೆ ಮನಸ್ಸು ಬರಲ್ಲ."

ಭಾಗ್ಯ ಕಿಟಕಿಯ ಕಡೆ ಮುಖ ತಿರುಗಿಸಿದಳು. ಯಶೋಧರಾ ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ.

"ಚಾಚ್ಕೊಳ್ಳಿ, ಬೇಡ ಅನ್ನಲ್ಲ. ಎಡಮಗ್ಗುಲಿಗೆ ತಿರುಗಿ, ತೋಳಿನ ಕೆಳಗೊಂದು ದಿಂಬು ಇಟ್ಕೊಳ್ಳಿ. ಅವರ ಜಾಗಕ್ಕೆ ನೀವು ಹೋಗಿ, ನಿಮ್ಮ ಜಾಗ ಅವರಿಗೆ ಬಿಡಿ."

ಆಮೇಲೆ ಹೊಸ ಪ್ಯಾಕೆಟ್ ಒಡೆದು ಕೂದಲೆಳೆಯಂಥ ಸೂಜಿ ತೆಗೆದಳು. ದಬ್ಬಳ ಬರುತ್ತದೆಂದು ಹಲ್ಲು ಕಚ್ಚಿದ್ದ ಬೈರಯ್ಯನಿಗೆ ಸೊಳ್ಳೆ ಕೂತಷ್ಟೂ ಅನಿಸಲಿಲ್ಲ. ಮೊದಲ ಸೂಜಿ ಬಿದ್ದದ್ದು ಮೊಣಕಾಲ ಕೆಳಗೆ. ತೋಳು ಮೇಲಿದೆ ತಾಯಿ, ದಾರಿ ತಪ್ಪಿತಾ ಎಂದು ಕೇಳಿದ. ಈ ವೈದ್ಯದಲ್ಲಿ ದಾರಿಯೇ ಹಾಗೆ, ಭಾರವಾಗಿ ಜುಮ್ಮೆಂದರೆ ಹೇಳಿ, ಚುರುಕ್ಕೆಂದರೂ ಹೇಳಿ, ಸುಮ್ಮನೆ ಸಹಿಸಬೇಡಿ ಎಂದಳು. ಸೂಜಿಗಳೊಂದಿಗೆ ಅಲ್ಲಾಡದೆ ಮಲಗಿದವನು ಗೊರಕೆ ಹೊಡೆದ.

ಹೊರಡುವಾಗ ವರ್ಷದ ದಿನಕ್ಕೆ ಕೈ ಪಟದವರೆಗೆ ಏಳುತ್ತದೆಯೇ ಎಂದು ಕೇಳಿದ. ಕೆಲವರಿಗೆ ಗುಣ ಕಾಣುತ್ತದೆ, ಕೆಲವರಿಗೆ ಇಲ್ಲ, ಮಾತು ಕೊಡಲಾರೆ ಎಂದಳು. ಬೀಪಿ ಮಾತ್ರೆಯನ್ನೂ ಮೂಳೆ ಡಾಕ್ಟರ ವ್ಯಾಯಾಮವನ್ನೂ ಬಿಡಕೂಡದು ಎಂದು ಭಾಗ್ಯಳಿಗೆ ಒತ್ತಿ ಹೇಳಿದಳು.

ವಾರ ವಾರ ಹೋದ. ಎಡಮಗ್ಗುಲಿಗೆ ಮಲಗಿದ. ವರ್ಷದ ದಿನ ಬಂದಾಗ ತೋಳು ಕಿವಿಯವರೆಗೆ ಏಳುತ್ತಿತ್ತು. ಸೂಜಿಯೋ ವ್ಯಾಯಾಮವೋ ದಿಂಬೋ, ಯಾರು ಕಂಡವರು. ಸ್ಟೂಲು ಹತ್ತಿ ಹಾರ ಎತ್ತಿದ. ಪಟ ಇನ್ನೂ ಒಂದು ಗೇಣು ಮೇಲಿತ್ತು. ಉಸಿರು ಬಿಗಿಹಿಡಿದು ಮತ್ತೆ ಎತ್ತಿದ. ಅದೇ ಗೇಣು.

"ನಾನು ಹಾಕ್ಲಾ ಮಾವ?" ಎಂದಳು ಭಾಗ್ಯ.

ಬೈರಯ್ಯ ಹಾರ ಹಿಡಿದೇ ಸ್ಟೂಲಿನಿಂದ ಇಳಿದ.

"ಬೇಡ ಕಣಮ್ಮ. ಅವಳನ್ನೇ ಕೆಳಗಿಳಿಸು," ಎಂದ. "ಗಾಂಧಿ ಬಜಾರ್ ನೋಡಿದ್ದು ಸಾಕು. ಇನ್ಮೇಲೆ ನನ್ನ ನೋಡ್ಲಿ."

ಭಾಗ್ಯ ಅವನ ಕಣ್ಣಳತೆಗೆ ಮೊಳೆ ಹೊಡೆದಳು. ಬೈರಯ್ಯ ತನ್ನ ಬಲಗೈಯಿಂದಲೇ ಹಾರ ಹಾಕಿದ. ಅಷ್ಟು ಹತ್ತಿರದಿಂದ ನೋಡಿದರೆ ನರಸಮ್ಮ ಈಗಷ್ಟೇ ಏನೋ ಹೇಳಹೊರಟಂತಿತ್ತು. ಭಾಗ್ಯ ಅಡಿಗೆಮನೆಗೆ ಹೋದಮೇಲೆ ಅವನು ಸ್ಟೂಲೆಳೆದು ಪಟದೆದುರು ಕೂತ.

"ಸೂಜಿ ಅಂದ್ರೆ ಏನು ಅನ್ಕೊಂಡಿದೀಯ ನರಸೂ. ಗಡಾರಿ. ಇಲ್ಲಿ ಚುಚ್ಚಿದ್ರೆ ತುದಿ ಶೇಷಾದ್ರಿಪುರಂನಲ್ಲಿ ಆಚೆ ಬಂತು. ರೈಲೇ ನಿಂತೋಯ್ತು."

ಅಷ್ಟು ಹೇಳಿ ನಿಲ್ಲಿಸಿದ. ಸುಳ್ಳು ಸಾಕು ಎಂಬ ಮಾತು ಬರಬೇಕಾದ ಜಾಗ ಅದು. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಾ ಹೋದಳು. ಬೈರಯ್ಯ ಕಾದೇ ಕೂತಿದ್ದ.