ಬೀಗಿತ್ತಿಯರ ಪಾಚಿ

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಊರವರ ಗಾಜು ಒರೆಸಿ ಒರೆಸಿ, ಎಲ್ಲಾದರೂ ಒಂದು ಬೆರಳಿನ ಗುರುತು ಕಂಡರೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಅಂಥವಳ ಮನೆಯಲ್ಲಿ, ಬಾಗಿಲು ತೆಗೆದ ತಕ್ಷಣ ಕಣ್ಣಿಗೆ ಹೊಡೆಯುವ ಹಾಗೆ ಒಂದು ಮೀನಿನ ತೊಟ್ಟಿ. ಅದರ ನಾಲ್ಕೂ ಗಾಜಿನ ಮೇಲೆ ಹಸಿರು ಪಾಚಿ. ದೇವರಿಗೆ ನನ್ನನ್ನು ಗೇಲಿ ಮಾಡಬೇಕೆನಿಸಿದ್ದರೆ ಇದಕ್ಕಿಂತ ಒಳ್ಳೆಯ ಉಪಾಯ ಅವನಿಗೂ ಹೊಳೆಯುತ್ತಿರಲಿಲ್ಲ.

ತೊಟ್ಟಿ ತಂದವನು ನನ್ನ ಗಂಡ. ಅವನು ಲಿಫ್ಟ್ ರಿಪೇರಿ ಮಾಡುವವನು. ನಾವಿರುವುದು ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಇದರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಹೇಳಿ ಹೇಳಿ ಬಾಯಿ ನೋವು ಬಂದಿದೆ. ತೊಟ್ಟಿಯಲ್ಲಿ ಐದು ಗೋಲ್ಡ್‌ಫಿಶ್. ಅವುಗಳಲ್ಲಿ ದಪ್ಪಗಿರುವವನ ಹೆಸರು ಗುಂಡ. ತಂದಾಗ ಅವನೂ ಉಳಿದವರ ಹಾಗೆ ಸಣಕಲನೇ. ಈಗ ತಿರುಗಬೇಕಾದರೆ ಮೊದಲು ಸ್ವಲ್ಪ ಯೋಚನೆ ಮಾಡುತ್ತಾನೆ.

ಮನೆಯಲ್ಲಿ ಇನ್ನಿಬ್ಬರಿದ್ದಾರೆ. ಒಬ್ಬರು ಅತ್ತೆ, ಗಂಡನ ತಾಯಿ, ಟೈಲರ್. ಕೊರಳಲ್ಲಿ ಟೇಪು ಇಲ್ಲದೆ ನಾನು ಅವರನ್ನು ನೋಡಿಯೇ ಇಲ್ಲ. ಇನ್ನೊಬ್ಬಳು ನನ್ನ ಅಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ಮಾತು ಜೋಡಿಸಿಕೊಟ್ಟು ನಿವೃತ್ತಳಾದವಳು. ಕಳೆದ ವರ್ಷ ಅವಳಿದ್ದ ಬಾಡಿಗೆ ಮನೆಗೆ ರಿಪೇರಿ ಹಿಡಿದರು. ಅದು ಮುಗಿಯುವ ತನಕ ಇಲ್ಲಿರುತ್ತೇನೆ ಅಂತ ಬಂದಳು. ರಿಪೇರಿ ಮುಗಿಯಿತು, ಮಾಲೀಕ ಮನೆಯನ್ನು ಬೇರೆಯವರಿಗೆ ಕೊಟ್ಟ, ಅಮ್ಮ ಇಲ್ಲೇ ಉಳಿದಳು. ಬೀಗಿತ್ತಿಯರಿಬ್ಬರಿಗೂ ಒಂದೇ ಕೋಣೆ, ಒಂದೇ ಕನ್ನಡಿ, ಒಂದೇ ರಿಮೋಟು. "ಇಬ್ಬರನ್ನ ಹೇಗಮ್ಮ ಸಂಭಾಳಿಸ್ತೀಯ?" ಅಂತ ಅಂಗಡಿಯಲ್ಲಿ ಜೊತೆಯವರು ಕೇಳುತ್ತಿದ್ದರು. ಅವರಿಗೇನು ಗೊತ್ತು! ಇಬ್ಬರೂ ಒಂದಾಗಿ ನನ್ನನ್ನು ಬೆಂಡೆತ್ತುತ್ತಿದ್ದರು.

ಹಾಗಿದ್ದವರು ಒಂದು ದಿನ ಸಣ್ಣ ಮಕ್ಕಳ ಹಾಗೆ ಠೂ ಬಿಟ್ಟರು.

ಆದದ್ದಿಷ್ಟು. ಊಟಕ್ಕೆ ಕೂತಾಗ ಅಮ್ಮ, ಯಾರ ಮುಖವನ್ನೂ ನೋಡದೆ, "ಚಪ್ಪಲಿ ಅಂಗಡಿ ಮೇಲೆ ಒಂದು ರೂಮು ನೋಡಿದೀನಿ. ಬರೋ ತಿಂಗಳು ಒಂದನೇ ತಾರೀಖು ಹೋಗ್ತೀನಿ" ಅಂದಳು. ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಹಾಗೋ" ಅಂದರು. ಅಷ್ಟೇ. ಅಲ್ಲಿಂದ ಇಬ್ಬರ ಬಾಯಿಗೂ ಬೀಗ.

ಯಾಕೆ ಹೋಗ್ತೀಯ ಅಂತ ನಾನು ಅಮ್ಮನನ್ನು ಕೇಳಿದೆ, ಬೈದೆ, ಕೊನೆಗೆ ಅತ್ತೂಬಿಟ್ಟೆ. "ಎಷ್ಟು ದಿನ ಅಂತ ಬೀಗರ ಮನೇಲಿರೋದು?" ಅನ್ನುವುದನ್ನು ಬಿಟ್ಟು ಬೇರೆ ಮಾತೇ ಬರಲಿಲ್ಲ. ಆ ರೂಮಿನಲ್ಲಿ ಅವಳು ಒಬ್ಬಳೇ ಬೇಯಿಸಿಕೊಂಡು, ಒಬ್ಬಳೇ ತಿಂದು, ಗೋಡೆ ನೋಡುತ್ತಾ ಕೂರುತ್ತಾಳೆ ಅಂತ ನೆನೆಸಿಕೊಂಡರೆ ಅಂಗಡಿಯಲ್ಲಿ ನನ್ನ ಕೈಯಿಂದ ಸ್ಕ್ರೂ ಜಾರಿ ಬೀಳುತ್ತಿತ್ತು. ಅವಳು ಹೋಗಬಾರದು. ನನಗೆ ಬೇಕಾಗಿದ್ದು ಅದೊಂದೇ.

ಆದರೆ ಒಂದೇ ಮನೆಯಲ್ಲಿರುವವರು ಎಷ್ಟು ಹೊತ್ತು ಮಾತಾಡದೆ ಇರುತ್ತಾರೆ? ಮೂರನೇ ದಿನಕ್ಕೆ ದಾರಿ ಕಂಡುಕೊಂಡರು. ಅಮ್ಮ ತೊಟ್ಟಿಯ ಮುಂದೆ ಹೋಗಿ ನಿಂತು, "ಗುಂಡಾ, ಈ ಮನೇಲಿ ನೀಲಿ ಬಕೆಟ್ ಎಲ್ಲಿ ಹೋಯ್ತಪ್ಪ?" ಅಂದಳು. ಸ್ವಲ್ಪ ಹೊತ್ತಿಗೆ ಅತ್ತೆ ಬಂದು, "ಗುಂಡಾ, ಕಣ್ಣು ಬಿಟ್ಟು ನೋಡೋರಿಗೆ ಬಾಲ್ಕನೀಲಿ ಕಾಣುತ್ತೆ ಅಂತ ಹೇಳು" ಅಂದರು.

ಆಮೇಲೆ ಕೇಳಬೇಕೆ! "ಗುಂಡಾ, ಕೆಲವರಿಗೆ ಫ್ಯಾನು ಹಾಕೋಕೆ ಬರುತ್ತೆ, ಆರಿಸೋಕೆ ಬರಲ್ಲ." "ಗುಂಡಾ, ಕೆಲವರು ಹೊಸ ರೂಮಲ್ಲಿ ಕತ್ತಲಲ್ಲೇ ಕೂತ್ಕೊಳ್ಳಲಿ, ಬಹಳ ಉಳಿತಾಯ." ಪಾಪದ ಗುಂಡ ಇಬ್ಬರ ಮಾತಿಗೂ ಬಾಯಿ ತೆರೆದು ಮುಚ್ಚುತ್ತಿದ್ದ. ಮನೆಯಲ್ಲಿ ಯಾರ ಪಕ್ಷವನ್ನೂ ವಹಿಸದೆ ಬದುಕಿದವನು ಅವನೊಬ್ಬನೇ.

ತೊಟ್ಟಿಗೆ ಪಾಚಿ ಹಿಡಿದದ್ದೂ ಈ ದಿನಗಳಲ್ಲೇ. ಮೊದಲು ಮೂಲೆಯಲ್ಲಿ ಒಂದು ತೆಳು ಹಸಿರು ಕಂಡಿತು. ನಾನು ಹಳೆಯ ಟೂತ್‌ಬ್ರಶ್ ತೆಗೆದುಕೊಂಡು ಉಜ್ಜಿದೆ. ವಾರ ಕಳೆಯುವುದರೊಳಗೆ ಮತ್ತೆ ಹಾಜರ್. ಗಂಡ ತೊಟ್ಟಿಯ ಬಲ್ಬು ಸಣ್ಣದು ಮಾಡಿದ, ಕಿಟಕಿಗೆ ಪರದೆ ಎಳೆದ, ಪಾಚಿ ತಿನ್ನುತ್ತದೆ ಅಂತ ಒಂದು ಬಸವನಹುಳು ತಂದು ಬಿಟ್ಟ. ಅದು ಮೊದಮೊದಲು ಹುಮ್ಮಸ್ಸಿನಿಂದ ತಿಂದು, ಇದು ಮುಗಿಯುವ ಕೆಲಸವಲ್ಲ ಅಂತ ತಿಳಿದು, ಒಂದು ಕಲ್ಲಿನ ಹಿಂದೆ ಹೋಗಿ ಕೂತುಬಿಟ್ಟಿತು.

ಕೊನೆಗೆ ಮೀನು ಕೊಂಡ ಅಂಗಡಿಗೇ ಹೋಗಿ ಜಗಳಕ್ಕೆ ನಿಂತೆ. ಅಂಗಡಿಯವನು ಸಮಾಧಾನದ ಮನುಷ್ಯ. "ಕಾಳು ಜಾಸ್ತಿ ಹಾಕ್ತಿದೀರ ಮೇಡಂ. ಮೀನು ತಿಂದು ಮಿಕ್ಕಿದ್ದು ನೀರಲ್ಲಿ ಕೊಳೆಯುತ್ತೆ, ಅದೇ ಪಾಚಿಗೆ ಗೊಬ್ಬರ" ಅಂದ.

"ದಿನಕ್ಕೆ ಒಂದೇ ಸಲ ಹಾಕೋದು. ಬೆಳಿಗ್ಗೆ. ನಾನೇ."

"ಸರಿ, ಮನೇಲಿ ಇನ್ಯಾರು ಹಾಕ್ತಾರೆ ನೋಡಿ."

ರಜೆಯ ದಿನ ಪೇಪರು ಹಿಡಿದುಕೊಂಡು ಹಾಲ್‌ನಲ್ಲೇ ಕೂತೆ. ಅಮ್ಮ ಬಂದಳು. ಕಾಳಿನ ಡಬ್ಬಿ ತೆಗೆದು ಒಂದು ಚಿಟಿಕೆ ಹಾಕಿ, "ಗುಂಡಾ, ನನ್ನ ಚಾದರ ಮಡಚಿಟ್ಟೋರಿಗೆ ನೆರಿಗೆ ತೆಗೆಯೋಕೆ ಬರಲ್ವಾ?" ಅಂದು ಹೋದಳು. ಅತ್ತೆ ಬಂದರು. ಒಂದು ಚಿಟಿಕೆ. "ಗುಂಡಾ, ಹೋಗೋರ ಚಾದರಕ್ಕೆ ಇನ್ಯಾಕಂತೆ ನೆರಿಗೆ ಚಿಂತೆ?" ಮತ್ತೆ ಅಮ್ಮ, ಮತ್ತೆ ಚಿಟಿಕೆ. ಸುಮ್ಮನೆ ಹೋಗಿ ಮೀನಿನ ಜೊತೆ ಮಾತಾಡಿದರೆ ನೋಡಿದವರು ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕಾಳು ಹಾಕಲು ಹೋದರೆ ಅದೊಂದು ಕೆಲಸ, ಮಾತು ಅದರ ಜೊತೆಗೆ ಬಂದದ್ದು. ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಅರ್ಧ ಖಾಲಿ. ಗುಂಡ ತೇಲುವುದೇ ಸಾಕು ಅನ್ನುವ ಹಾಗೆ ತೇಲುತ್ತಿದ್ದ. ಇವರಿಬ್ಬರ ಜಗಳವನ್ನು ನಾನು ಇಷ್ಟು ದಿನ ಬ್ರಶ್ ಹಿಡಿದು ಉಜ್ಜಿದ್ದೆ.

ಕೋಪ ನೆತ್ತಿಗೇರಿತು. "ಪಾಚಿ ಬೆಳೆಸ್ತಿರೋದು ನೀವಿಬ್ಬರೂ! ನಿಮ್ಮ ಚಿಟಿಕೆಗೊಂದು ದೊಡ್ಡ ನಮಸ್ಕಾರ!" ಅಂತ ಕಿರುಚಿ ಡಬ್ಬಿಯನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಇಬ್ಬರೂ ಒಟ್ಟಿಗೆ ಗುಂಡನ ಕಡೆ ನೋಡಿದರು, ಅವನೇ ಚಾಡಿ ಹೇಳಿದ ಹಾಗೆ.

ಅಂಗಡಿಯವನು ಒಂದು ಮದ್ದು ಹೇಳಿಕೊಟ್ಟಿದ್ದ. ನಾಲ್ಕು ದಿನ ತೊಟ್ಟಿಗೆ ದಪ್ಪ ಬಟ್ಟೆ ಮುಚ್ಚಿ. ಬೆಳಕು ಬೇಡ, ಕಾಳು ಬೇಡ, ಗಾಳಿಯ ಪಂಪು ಮಾತ್ರ ನಡೀತಿರಲಿ. ಬೆಳಕಿಲ್ಲದೆ ಪಾಚಿ ಸಾಯುತ್ತೆ, ಮೀನಿಗೆ ಏನೂ ಆಗಲ್ಲ. ಆಮೇಲೆ ಅರ್ಧ ನೀರು ಬದಲಾಯಿಸಿ. ತಿಂಗಳ ಕೊನೆಯ ವಾರವದು, ಅಮ್ಮ ಹೊರಡುವ ದಿನ ಹತ್ತಿರ ಬಂದಿತ್ತು. ನಾನು ಹಳೆಯ ಕಂಬಳಿ ಹುಡುಕುತ್ತಿದ್ದರೆ ಅತ್ತೆ, "ಕಂಬಳಿ ಹೊದಿಸೋಕೆ ಅದೇನು ಜ್ವರ ಬಂದೋರಾ?" ಅಂತ ಟೇಪು ಹಿಡಿದು ತೊಟ್ಟಿಯ ಅಳತೆ ತೆಗೆದರು. ಸಂಜೆಗೆ ಕಪ್ಪು ಬಟ್ಟೆಯ ಒಂದು ಅಂಗಿಯೇ ತಯಾರು. ಎರಡು ಪದರ, ಮೂಲೆಗಳಿಗೆ ನೆರಿಗೆ, ಪಂಪಿನ ಕೊಳವೆಗೆ ತೂತು, ಪಕ್ಕಕ್ಕೆ ಸಾಲಾಗಿ ಬಟನ್ನು. ನನ್ನ ಯಾವ ಬಟ್ಟೆಯೂ ನನಗೆ ಅಷ್ಟು ಸರಿಯಾಗಿ ಕೂತಿಲ್ಲ. ಅಮ್ಮ ಅದನ್ನು ಮುಟ್ಟಿ ನೋಡಿದಳು. ಹೊಗಳಿಕೆ ನಾಲಿಗೆ ತುದಿಗೆ ಬಂದಿದ್ದು ನನಗೆ ಕಂಡಿತು. ಯಾರಿಗೆ ಹೇಳುವುದು? ಗುಂಡ ಮುಸುಕಿನೊಳಗಿದ್ದ. ನುಂಗಿಕೊಂಡು ಹೋದಳು.

ಮೊದಲ ದಿನ ಇಬ್ಬರೂ ನನ್ನ ಗಂಡನನ್ನು ಹಿಡಿದರು. "ಲೋ, ನಿಮ್ಮತ್ತೆಗೆ ಹೇಳು, ಮಾತ್ರೆ ಇಲ್ಲೇ ಮರೆತು ಹೋಗ್ಬೇಡಿ ಅಂತ." "ನಿಮ್ಮಮ್ಮನಿಗೆ ಹೇಳಿ, ನನಗಿನ್ನೂ ಅರಳುಮರುಳು ಬಂದಿಲ್ಲ ಅಂತ." ಎರಡು ಮಹಡಿಗಳ ಮಧ್ಯೆ ಸಿಕ್ಕಿಕೊಂಡವರನ್ನು ಬಿಡಿಸುವುದು ಅವನ ಕಸುಬು. ತಾನೇ ಸಿಕ್ಕಿಕೊಂಡಾಗ, ರಜೆಯಿದ್ದರೂ ತುರ್ತು ಕರೆ ಬಂದಿದೆ ಅಂತ ಸುಳ್ಳು ಹೇಳಿ ಕಾಲ್ಕಿತ್ತ. ಬೀಗಿತ್ತಿಯರು ನನ್ನ ಹತ್ತಿರ ಬಂದಾಗ ನಾನು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ, "ನಾನು ಅಂಚೆಯವಳಲ್ಲ."

ಎಂಥಾ ತಪ್ಪು ಮಾಡಿದೆ! ಅಲ್ಲಿಂದ ಮನೆಯಲ್ಲಿ ಪಂಪಿನ ಗುಳುಗುಳು ಒಂದನ್ನು ಬಿಟ್ಟು ಸದ್ದೇ ಇಲ್ಲ. ಅಮ್ಮ ಸದ್ದಿಲ್ಲದೆ ಬಟ್ಟೆ ಮಡಚಿ ಸೂಟ್‌ಕೇಸಿಗೆ ಹಾಕುವುದು, ಅತ್ತೆ ಸದ್ದಿಲ್ಲದೆ ಅದನ್ನು ನೋಡುವುದು. ಗುಂಡನ ಮೂಲಕವಾದರೂ ಅವರು ಮಾತಾಡುತ್ತಿದ್ದರಲ್ಲ, ಅದನ್ನೂ ನಾನೇ ಮುಚ್ಚಿ ಬಟನ್ ಹಾಕಿದ್ದೆ. ಹೀಗೇ ಹೋದರೆ ಅಮ್ಮ ಮತ್ತೆ ಈ ಮನೆಗೆ ಕಾಲಿಡುವುದಿಲ್ಲ ಅಂತ ನನಗೆ ನಿಜವಾಗಿಯೂ ಭಯವಾಯಿತು.

ಒಂದನೇ ತಾರೀಖು ಬೆಳಿಗ್ಗೆ ಕೆಳಗೆ ಗಾಡಿ ಬಂದು ನಿಂತಿತು. ಗಂಡ ಸೂಟ್‌ಕೇಸುಗಳನ್ನು ಹೊತ್ತು, ಒಂದೊಂದು ಮೆಟ್ಟಿಲಿಗೂ ಒಂದೊಂದು ಸಲ ನಿಟ್ಟುಸಿರು ಬಿಡುತ್ತಾ ಇಳಿದ. ಅತ್ತೆ ಮೂಲೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ಸೂಜಿಯಲ್ಲಿ ದಾರವೇ ಇರಲಿಲ್ಲ.

ಅಮ್ಮ ಕೈಚೀಲ ಹಿಡಿದುಕೊಂಡು ಬಂದಳು. ಬಾಗಿಲಿಗೆ ಹೋಗುವ ಬದಲು ತೊಟ್ಟಿಯ ಹತ್ತಿರ ಹೋಗಿ, ಬಗ್ಗಿ, ಒಂದು ಬಟನ್ ಬಿಚ್ಚಿದಳು. ಆ ಸಂದಿಯಲ್ಲಿ ಗಾಜು ಕಂಡಿತು. ಪಾಚಿಯ ಸುಳಿವೇ ಇಲ್ಲ, ಕಲ್ಲು, ಹುಳು ಎಲ್ಲವೂ ಸ್ಪಷ್ಟ. ಬೇರೆ ದಿನವಾಗಿದ್ದರೆ ಕುಣಿದುಬಿಡುತ್ತಿದ್ದೆ.

"ಗುಂಡಾ, ಹೋಗ್ಬರ್ತೀನಪ್ಪ" ಅಂದಳು ಅಮ್ಮ.

ಮಿಷನ್ ನಿಂತಿತು. "ಬಟನ್ ಹಾಕಿ" ಅಂದರು ಅತ್ತೆ.

ಅಮ್ಮ ತಿರುಗಿದಳು. "ಯಾರಿಗೆ ಹೇಳಿದ್ದು?"

"ಇಲ್ಲಿ ಇನ್ಯಾರಿದಾರೆ? ನಿಮಗೇ! ಹೋಗ್ಬರ್ತೀನಿ ಅಂತ ಮೀನಿಗೆ ಹೇಳೋದೇನು, ನಾನೇನು ಸತ್ತು ಹೋಗಿದೀನಾ? ಹೇಳೋದಿದ್ರೆ ನನ್ನ ಮುಖ ನೋಡಿ ಹೇಳಿ. ಹೋಗ್ತೀನಿ ಅಂತ ಹೇಳಿ, ನೋಡೋಣ."

ಅಮ್ಮ ಅತ್ತೆಯ ಮುಖ ನೋಡಿದಳು. ಬಾಯಿ ತೆರೆದಳು. ಬಂದದ್ದು ಬೇರೆಯೇ ಮಾತು.

"ಹೋಗ್ತಾರೆ ಅಂತ ನೀವೇ ಹೇಳಿದ್ರಲ್ಲ! ಕೆಳಮನೆಯೋರ ಹತ್ರ, ಮೆಟ್ಟಿಲ ಮೇಲೆ ನಿಂತ್ಕೊಂಡು. 'ಬೀಗಿತ್ತಿ ನಾಲ್ಕು ದಿನ ಇರೋಕೆ ಬಂದಿದಾರೆ, ಹೊರಟು ಹೋಗ್ತಾರೆ' ಅಂತ. ನಾನು ಬಾಗಿಲ ಹಿಂದೇನೇ ಇದ್ದೆ. ವರ್ಷ ಆದ್ರೂ ನಾನು ನಿಮಗೆ ನಾಲ್ಕು ದಿನದೋಳಾ?"

ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಆ ಬಾಯಿಬಡುಕಿ ಏನು ಕೇಳಿದ್ಳು ಗೊತ್ತಾ? 'ಏನ್ರೀ, ಮಗಳನ್ನ ಕೊಟ್ಟೋರು ಇಲ್ಲೇ ಠಿಕಾಣಿ ಹೂಡಿದ್ರಾ?' ಅಂತ. ಹೌದು ಅಂದಿದ್ರೆ ಕಟ್ಟಡವೆಲ್ಲ ನಿಮ್ಮನ್ನ ಆಡ್ಕೊಂಡು ನಗೋದು. ನಿಮ್ಮನ್ನ ಯಾರೂ ಆಡ್ಕೋಬಾರ್ದು ಅಂತ ಬಾಯಿಗೆ ಬಂದದ್ದು ಹೇಳಿ ಬಾಗಿಲು ಹಾಕ್ಕೊಂಡೆ!"

"ಹಾಗಂತ ನನಗೆ ಹೇಳ್ಬೋದಿತ್ತಲ್ಲ?"

"ನೀವು ಕೇಳ್ಬೋದಿತ್ತಲ್ಲ? ಬಕೆಟ್ಟು, ಚಾದರ ಎಲ್ಲ ಕೇಳೋಕೆ ಬಂತು, ಇದೊಂದು ಕೇಳೋಕೆ ಬರ್ಲಿಲ್ವಾ?"

ಕೆಳಗಿನಿಂದ ಗಾಡಿಯವನು ಹಾರ್ನ್ ಹೊಡೆದ. ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ. ಆ ಮನೆಗೆ ಸೊಸೆಯಾಗಿ ಬಂದಮೇಲೆ ನಾನು ಬಾಯಿ ಹಾಕದೆ ಇದ್ದ ಮೊದಲ ಜಗಳ ಅದು.

ಅಮ್ಮ ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತಳು. "ಆ ರೂಮು ನನಗೆ ಇಷ್ಟಾನೇ ಆಗಿರ್ಲಿಲ್ಲ" ಅಂದಳು. "ಗಾಳಿ ಬೆಳಕು ಎಲ್ಲ ಚೆನ್ನಾಗೇ ಇದೆ. ಆದ್ರೆ ಅಲ್ಲಿ ನನ್ನ ಜೊತೆ ಜಗಳ ಆಡೋಕೆ ಯಾರಿದಾರೆ?" ಅಂದವಳೇ ಅಳಲು ಶುರುಮಾಡಿದಳು.

ಅತ್ತೆ ಎದ್ದು ಬಂದರು. ಅಮ್ಮನ ತೊಡೆಯ ಮೇಲಿದ್ದ ಕೈಚೀಲ ಕಿತ್ತುಕೊಂಡು ತಮ್ಮ ಕಂಕುಳಲ್ಲಿ ಇಟ್ಟುಕೊಂಡರು. "ನಾನಿಲ್ವಾ? ಇಷ್ಟು ದಿನ ಮಾತಿಲ್ಲದೆ ನನಗೆ ತಿಂದ ಅನ್ನ ಮೈಗೆ ಹತ್ತಿಲ್ಲ. ಸುಮ್ನೆ ಇಲ್ಲಿರಿ" ಅಂದರು. ಅವರ ಕಣ್ಣಲ್ಲೂ ನೀರಿತ್ತು. ಅಮ್ಮನಿಗೆ ಅದು ಕಾಣಬಾರದು ಅಂತಲೋ ಏನೋ, ದಡದಡನೆ ಬಾಗಿಲಿಗೆ ಹೋಗಿ ಮೆಟ್ಟಿಲ ಕಟಕಟೆಗೆ ಬಗ್ಗಿ, "ಲೋ! ಸಾಮಾನೆಲ್ಲ ವಾಪಸ್ ಮೇಲೆ ತಗೊಂಡ್ಬಾ!" ಅಂತ ಕೂಗಿದರು.

ಕೆಳಗಿನಿಂದ ಗಂಡನ "ಅಮ್ಮಾ!" ಅನ್ನುವ ಆರ್ತನಾದ ಕೇಳಿತು. ಅದರ ಬೆನ್ನಿಗೇ ಎರಡನೇ ಮಹಡಿಯ ಬಾಗಿಲು ತೆರೆಯಿತು. ಕೆಳಮನೆಯವರು ಕತ್ತು ಹೊರಗೆ ಚಾಚಿ, "ಏನ್ರೀ, ಬೀಗಿತ್ತಿ ಹೊರಟ್ರಾ?" ಅಂದರು.

"ಇಲ್ಲ ಕಣ್ರೀ" ಅಂದರು ಅತ್ತೆ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ. "ಅವರ ಮನೆ ಇದೇ, ಇನ್ನೆಲ್ಲಿಗೆ ಹೋಗ್ತಾರೆ? ನಗೋದಿದ್ರೆ ಈಗಲೇ ನಕ್ಕುಬಿಡಿ, ನಾನಿಲ್ಲೇ ನಿಂತಿರ್ತೀನಿ."

ಯಾರೂ ನಗಲಿಲ್ಲ. ಅಮ್ಮ ಕಣ್ಣೊರೆಸಿಕೊಂಡು ಎದ್ದು, ಬಾಗಿಲು ದಾಟಿ ಹೊರಗೆ ಬಂದು, ಅತ್ತೆಯ ಪಕ್ಕದಲ್ಲಿ ನಿಂತಳು.